ಆಕಾಶಕ್ಕೆ ಯಜಮಾನರಿಲ್ಲ, ಹೆಲಿಪ್ಯಾಡಿಗೆ ಇದ್ದಾರೆ

ನಮ್ಮ ಮನೆಯ ಮೇಲೆ ಹೆಲಿಕಾಪ್ಟರ್‌ಗಳು ಓಡಾಡುತ್ತವೆ. ಒಂದು ಮಟ್ಟಿಗೆ ಒಗ್ಗಿಹೋಗಿದೆ. ಫೋನಿನಲ್ಲಿ ಮಾತಾಡುವಾಗ ಸದ್ದು ಬಂದರೆ "ಒಂದ್ನಿಮಿಷ" ಅಂತ ಹೇಳಿ ಸುಮ್ಮನಾಗುತ್ತೇವೆ. ಅದು ದಾಟಿದ ಮೇಲೆ ಮಾತು ಮುಂದುವರಿಯುತ್ತದೆ. ನನ್ನ ತಲೆ ಕೊರೆಯುತ್ತಿರುವ ವಿಷಯ ಬೇರೆ. ಪಕ್ಕದ ಕಟ್ಟಡದಲ್ಲಿ ಬೆಳಗಿನ ಜಾವ ಡ್ರಿಲ್ಲಿಂಗ್ ಶುರು ಮಾಡಿದರೆ ಯಾರನ್ನು ಕೇಳಬೇಕು ಅಂತ ಗೊತ್ತು. ರಾತ್ರಿ ಹನ್ನೊಂದಾದ ಮೇಲೂ ಯಾರದೋ ಸ್ಪೀಕರ್ ಅರಚುತ್ತಿದ್ದರೆ ಯಾವ ನಂಬರಿಗೆ ಫೋನ್ ಮಾಡಬೇಕು ಅಂತಲೂ ಗೊತ್ತು. ಹೆಲಿಕಾಪ್ಟರ್ ವಿಷಯಕ್ಕೆ ಬಂದರೆ ಮಾತ್ರ ಪ್ರತಿಯೊಬ್ಬರೂ ಇನ್ಯಾರನ್ನೋ ತೋರಿಸುತ್ತಾರೆ. ನಗರಾಡಳಿತದವರು "ಆಕಾಶ ನಮ್ಮ ವ್ಯಾಪ್ತಿಗೆ ಬರಲ್ಲ ಸರ್" ಅಂದರು. ವಿಮಾನಯಾನ ಕಚೇರಿಯವರು "ಪೈಲಟ್ ಯಾವ ನಿಯಮಾನೂ ಮುರಿದಿಲ್ಲ" ಅಂದರು. ಹೆಲಿಕಾಪ್ಟರ್ ಓಡಿಸುವ ಕಂಪನಿಯವರು "ನಾವು ನಿಯಮದ ಒಳಗೇ ಹಾರ್ತಿರೋದು" ಅಂದರು. ಮೂವರಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಅದೇ ನನಗೆ ಜಾಸ್ತಿ ಸಿಟ್ಟು ತರಿಸಿದ್ದು.

ಆಮೇಲೆ ಕೂತು ಓದುತ್ತಾ ಹೋದೆ. ಈ ಸದ್ದಿಗೆ ಎಲ್ಲೆಲ್ಲಿ ಯಾರ್ಯಾರು ಮೂಗುದಾರ ಹಾಕಲು ನೋಡಿದ್ದಾರೆ, ಎಲ್ಲಿ ಗೆದ್ದಿದ್ದಾರೆ, ಎಲ್ಲಿ ಸೋತಿದ್ದಾರೆ ಅಂತ. ಓದಿದಷ್ಟೂ ಒಂದು ವಿಷಯ ಗಟ್ಟಿಯಾಗುತ್ತಾ ಬಂತು. ನಿಯಮಗಳು 'ಎಷ್ಟು ಸದ್ದು' ಅಂತ ಕೇಳುತ್ತವೆ. ಕೆಳಗೆ ಕೂತವರು 'ಯಾಕೆ ಹಾರ್ತಿದೆ' ಅಂತ ಕೇಳುತ್ತಾರೆ. ಈ ಎರಡನೆಯ ಪ್ರಶ್ನೆಯನ್ನು ಆಕಾಶದ ಉಸ್ತುವಾರಿ ಹೊತ್ತವರು ಕೇಳಿದ್ದು ಕಡಿಮೆ. ಕೇಳಿ ಉತ್ತರ ಪಡೆದವರೆಲ್ಲ ಹೆಚ್ಚುಕಮ್ಮಿ ನೆಲದ ಒಡೆತನ ಇದ್ದವರು.

ತನ್ನ ಸುಳಿಗೆ ತಾನೇ ಬಡಿಯುವ ಬ್ಲೇಡು

ಸ್ನೇಹಿತರೊಬ್ಬರ ಮಾವ ಹೆಲಿಕಾಪ್ಟರ್ ಪೈಲಟ್ ಆಗಿದ್ದವರು. ನಿವೃತ್ತರಾಗಿ ಬಹಳ ವರ್ಷವಾಗಿದೆ. ಒಂದು ಸಂಜೆ ನಮ್ಮ ಮನೆಗೆ ಬಂದಿದ್ದರು. ಮಹಡಿ ಮೇಲೆ ಕೂತಿದ್ದಾಗ ದೂರದಲ್ಲಿ ಸದ್ದು ಕೇಳಿಸಿತು. ನಾವು ಕತ್ತೆತ್ತಿ ಹುಡುಕುವ ಮೊದಲೇ ಅವರು, "ಎರಡು ಬ್ಲೇಡಿಂದು. ಇಳೀತಾ ಇದೆ" ಅಂದರು. ಇಳಿಯುತ್ತಿದೆ ಅಂತ ಕಣ್ಣಲ್ಲಿ ನೋಡದೆ ಹೇಗೆ ಗೊತ್ತಾಯ್ತು ಅಂಕಲ್ ಅಂತ ಕೇಳಿದೆ. "ಟಪ್ ಟಪ್ ಅಂತ ಹೊಡೀತಿದೆ ನೋಡಪ್ಪ. ನೇರ ಹೋಗ್ತಿದ್ರೆ ಅಷ್ಟು ಹೊಡೆಯಲ್ಲ" ಅಂದರು. ಆಮೇಲೆ ಕೈಯಲ್ಲೇ ರೋಟರ್ ಮಾಡಿ ತೋರಿಸಿದರು. ಪ್ರತಿ ಬ್ಲೇಡಿನ ತುದಿಯಿಂದ ಗಾಳಿಯ ಒಂದು ಸುಳಿ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ಹೆಲಿಕಾಪ್ಟರ್ ನೇರವಾಗಿ ಮುಂದೆ ಹೋಗುವಾಗ ಆ ಸುಳಿಗಳು ಕೆಳಗೂ ಹಿಂದಕ್ಕೂ ಸರಿದು ಹೋಗುತ್ತವೆ. ನಿಧಾನವಾಗಿ, ಸ್ವಲ್ಪವೇ ಇಳಿಜಾರಿನಲ್ಲಿ ಇಳಿಯುವಾಗ ಮಾತ್ರ ರೋಟರ್ ತಾನೇ ಬಿಟ್ಟ ಸುಳಿಗಳ ಮೇಲೆಯೇ ಬಂದು ಕೂರುತ್ತದೆ. ಹಿಂದಿನ ಬ್ಲೇಡು ಮುಂದಿನ ಬ್ಲೇಡಿನ ಸುಳಿಗೆ ಬಡಿಯುತ್ತದೆ. ದೋಣಿಯೊಂದು ತಿರುಗಿ ಬಂದು ತನ್ನದೇ ಅಲೆಗೆ ಗುದ್ದಿಕೊಂಡ ಹಾಗೆ. ಒಂದೊಂದು ಗುದ್ದಿಗೂ ಒಂದೊಂದು ಟಪ್.

ನನಗೆ ಆಶ್ಚರ್ಯವಾಗಿದ್ದು ಆಮೇಲೆ ಅವರು ಹೇಳಿದ ಮಾತು. ಇಳಿಯುವ ವೇಗವನ್ನೋ ಇಳಿಜಾರನ್ನೋ ಸ್ವಲ್ಪ ಬದಲಾಯಿಸಿದರೆ ಈ ಹೊಡೆತ ಬಹಳಷ್ಟು ತಗ್ಗುತ್ತದಂತೆ. ಯಂತ್ರ ಅದೇ, ತೂಕ ಅದೇ, ಇಳಿಯುವ ಜಾಗವೂ ಅದೇ. "ಒಳಗೆ ಕೂತಿರೋ ನಮಗೆ ಅದು ಅಷ್ಟಾಗಿ ಕೇಳಿಸಲ್ಲ, ಹೆಡ್‌ಸೆಟ್ ಇರುತ್ತಲ್ಲ" ಅಂದರು. ಇದನ್ನೆಲ್ಲ ತರಬೇತಿಯಲ್ಲಿ ಹೇಳಿಕೊಡ್ತಿದ್ರಾ ಅಂತ ಕೇಳಿದ್ದಕ್ಕೆ ನಕ್ಕರು. "ಹೇಳ್ತಿದ್ರು. ಪರೀಕ್ಷೇಲಿ ಕೇಳ್ತಿರ್ಲಿಲ್ಲ."

ಈ ಒಂದು ಮಾತಿನಲ್ಲಿ ಹೆಲಿಕಾಪ್ಟರ್ ಸದ್ದಿನ ನಿಯಂತ್ರಣದ ಅರ್ಧ ಕಥೆ ಇದೆ. ಹೆಲಿಕಾಪ್ಟರ್ ಉದ್ಯಮದ ಅಂತಾರಾಷ್ಟ್ರೀಯ ಸಂಘ 1982ರಿಂದಲೇ 'ಫ್ಲೈ ನೇಬರ್ಲಿ' ಅನ್ನೋ ಕಾರ್ಯಕ್ರಮ ನಡೆಸುತ್ತಿದೆ. ಎತ್ತರದಲ್ಲಿ ಹಾರಿ, ಚೂಪಾದ ತಿರುವು ಬೇಡ, ದಿನಾ ಒಂದೇ ಮನೆಗಳ ಮೇಲೆ ಹೋಗಬೇಡಿ, ಇಳಿಯುವಾಗ ಟಪ್ ಟಪ್ ಬರುವ ವೇಗವನ್ನು ತಪ್ಪಿಸಿ. ಎಲ್ಲವೂ ಒಳ್ಳೆಯ ಸಲಹೆಗಳೇ. ಎಲ್ಲವೂ ಸಲಹೆಗಳು ಮಾತ್ರ. ಪಾಲಿಸದ ಪೈಲಟ್‌ಗೆ ಏನೂ ಆಗುವುದಿಲ್ಲ, ಪಾಲಿಸಿದ ಪೈಲಟ್ ಬಗ್ಗೆ ಕೆಳಗಿನವರಿಗೆ ಗೊತ್ತೂ ಆಗುವುದಿಲ್ಲ.

ತಯಾರಕರ ಕಡೆಯಿಂದ ಕೆಲಸ ಆಗಿಲ್ಲ ಅಂತಲ್ಲ. ಬಾಲದ ರೋಟರನ್ನು ಒಂದು ಬಳೆಯೊಳಗೆ ಕೂರಿಸಿ, ಅದರ ಬ್ಲೇಡುಗಳ ನಡುವೆ ಬೇಕಂತಲೇ ಅಸಮ ಅಂತರ ಇಟ್ಟು, ಕಿವಿ ಚುಚ್ಚುವ ಒಂದೇ ಸ್ವರವನ್ನು ಹಲವು ಸ್ವರಗಳಾಗಿ ಹರಡುವ ಫೆನೆಸ್ಟ್ರಾನ್ ವಿನ್ಯಾಸ ಎಷ್ಟೋ ಕಾಲದಿಂದ ಇದೆ. ಏರ್‌ಬಸ್‌ನ ಎಚ್160ರ ಬ್ಲೇಡುಗಳು ತುದಿಯಲ್ಲಿ ಎರಡು ಸಲ ಬಾಗಿರುತ್ತವೆ. ಆ ಬಾಗು ಸುಳಿಯ ಹೊಡೆತವನ್ನು ಸೀಳಿ ಚದುರಿಸುತ್ತದೆ. ಸದ್ದು 3 ಡೆಸಿಬೆಲ್‌ನಷ್ಟು ತಗ್ಗುತ್ತದೆ ಅಂತ ಕಂಪನಿ ಹೇಳುತ್ತದೆ. ಆದರೆ ಹೆಲಿಕಾಪ್ಟರ್ ದಶಕಗಟ್ಟಲೆ ಬಾಳುವ ಯಂತ್ರ. ಹೊಸದು ಬಂತು ಅಂತ ಹಳೆಯದು ಮನೆಗೆ ಹೋಗುವುದಿಲ್ಲ. ಇನ್ನೊಂದು ವಿಷಯ. ಹೊಸ ಮಾದರಿಗೆ ಸದ್ದಿನ ಪ್ರಮಾಣಪತ್ರ ಕೊಡುವಾಗ ಮೂರು ಸಂದರ್ಭಗಳಲ್ಲಿ ಅಳೆಯುತ್ತಾರೆ. ಮೇಲೇರುವಾಗ, 150 ಮೀಟರ್ ಎತ್ತರದಲ್ಲಿ ನೇರವಾಗಿ ದಾಟುವಾಗ, 6 ಡಿಗ್ರಿ ಕೋನದಲ್ಲಿ ಇಳಿಯುವಾಗ. ಒಂದೇ ಬೀದಿಯ ಮೇಲೆ ಅರ್ಧ ಗಂಟೆ ಗಿರಕಿ ಹೊಡೆಯುವುದು ಆ ಅಳತೆಯಲ್ಲಿಲ್ಲ. ಒಂದೇ ಕಡೆ ನಿಂತು ಕ್ಯಾಮೆರಾ ತಿರುಗಿಸುವುದೂ ಇಲ್ಲ. ಜನ ಹಾಳು ಮಾಡಿಕೊಳ್ಳುವ ನಿದ್ದೆಯ ದೊಡ್ಡ ಪಾಲು ಈ ಎರಡರಿಂದಲೇ ಅಲ್ವಾ?

ನಿಮಿಷಕ್ಕೊಂದು ಹೆಲಿಕಾಪ್ಟರ್

ನಮ್ಮ ಬಡಾವಣೆಯ ಸಭಾಂಗಣದಲ್ಲಿ ಒಮ್ಮೆ ಸಭೆ ಕರೆದಿದ್ದರು. ಸದ್ದಿನ ಸಮೀಕ್ಷೆ ಮಾಡಿದ ಅಧಿಕಾರಿ ಬಂದಿದ್ದರು. ತುಂಬ ಸೌಜನ್ಯದ ಮನುಷ್ಯ. ಗೋಡೆ ಮೇಲೆ ನಕ್ಷೆ ಬಿತ್ತು. ಬಣ್ಣಬಣ್ಣದ ಗೆರೆಗಳು ವಿಮಾನ ನಿಲ್ದಾಣವನ್ನು ಸುತ್ತಿಕೊಂಡು ಉದ್ದಕ್ಕೆ ಚಾಚಿದ್ದವು. ಯಾವ ಗೆರೆಯೂ ನಮ್ಮವರೆಗೆ ಬಂದಿರಲಿಲ್ಲ. "ನಿಮ್ಮ ಬಡಾವಣೆ ಮಿತಿಯ ಗೆರೆಯಿಂದ ಬಹಳ ಆಚೆ ಇದೆ" ಅಂತ ಅವರು ಸಮಾಧಾನದ ದನಿಯಲ್ಲಿ ಹೇಳಿದರು. ಇಡೀ ದಿನದ ಸದ್ದನ್ನು ಸರಾಸರಿ ಮಾಡುತ್ತೇವೆ, ರಾತ್ರಿ ಸದ್ದಿಗೆ 10 ಡೆಸಿಬೆಲ್ ಜಾಸ್ತಿ ಸೇರಿಸುತ್ತೇವೆ, ಹೀಗಾಗಿ ನಿದ್ದೆಯ ಲೆಕ್ಕವೂ ಇದರಲ್ಲಿ ಬಂದಿದೆ ಅಂತ ವಿವರಿಸಿದರು. ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಂತರು. ಆಸ್ಪತ್ರೆಯಲ್ಲಿ ನರ್ಸ್, ರಾತ್ರಿ ಪಾಳಿ. "ನಾನು ಮಲಗೋದು ಬೆಳಿಗ್ಗೆ ಒಂಬತ್ತಕ್ಕೆ ಸರ್. ನನ್ನ ರಾತ್ರಿ ನಿಮ್ಮ ನಕ್ಷೇಲಿ ಎಲ್ಲಿದೆ?" ಅಂತ ಕೇಳಿದರು. ಅಧಿಕಾರಿ ಬರೆದುಕೊಂಡರು. ನಿಜಕ್ಕೂ ಬರೆದುಕೊಂಡರು, ನಾನು ನೋಡಿದೆ. ಬರೆದುಕೊಳ್ಳುವುದನ್ನು ಬಿಟ್ಟು ಅವರ ಕೈಯಲ್ಲಿ ಬೇರೇನೂ ಇರಲಿಲ್ಲ.

ಆ ಸರಾಸರಿ ಅಂದರೇನು ಅಂತ ಮನೆಗೆ ಬಂದು ಲೆಕ್ಕ ಹಾಕಿ ನೋಡಿದೆ. ಅಮೆರಿಕದ್ದೇ ತೆಗೆದುಕೊಳ್ಳೋಣ, ಬೇರೆ ಕಡೆಯ ಲೆಕ್ಕಗಳೂ ಇದೇ ಜಾತಿಯವು. ಅಲ್ಲಿ ದಿನ-ರಾತ್ರಿ ಸರಾಸರಿ 65 ಡೆಸಿಬೆಲ್ ದಾಟಿದರೆ ಮಾತ್ರ ಆ ಜಾಗ ಮನೆಗಳಿಗೆ ಹೊಂದುವುದಿಲ್ಲ ಅಂತ ಎಣಿಕೆ. ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 7. ಒಂದು ಹೆಲಿಕಾಪ್ಟರ್ ತಲೆ ಮೇಲೆ ಒಂದು ಸಲ ದಾಟಿದಾಗ ಬೀಳುವ ಸದ್ದನ್ನೆಲ್ಲ ಒಟ್ಟು ಮಾಡಿ ಒಂದೇ ಸೆಕೆಂಡಿಗೆ ಅಡಕಿದರೆ 85 ಡೆಸಿಬೆಲ್ ಅಂತ ಇಟ್ಟುಕೊಳ್ಳಿ. ಮಾತು ನಿಲ್ಲಿಸಲು ಇದು ಧಾರಾಳ ಸಾಕು. ಹಗಲು ಹೊತ್ತಲ್ಲಿ ಇಂಥವು ಹತ್ತು ದಾಟಿದರೆ ದಿನದ ಸರಾಸರಿ ಬರುವುದು 46 ಡೆಸಿಬೆಲ್ ಆಸುಪಾಸು. 65ರ ಗೆರೆ ಮುಟ್ಟಬೇಕಾದರೆ ದಿನಕ್ಕೆ ಸುಮಾರು 860 ಹೆಲಿಕಾಪ್ಟರ್ ದಾಟಬೇಕು. ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಇರುವುದೇ 900 ನಿಮಿಷ. ಅಂದರೆ ನಿಮಿಷಕ್ಕೊಂದರಂತೆ, ಇಡೀ ದಿನ, ಬಿಡುವಿಲ್ಲದೆ ಹಾರಿದರೆ ನಮಗೆ ತೊಂದರೆ ಆಗಿದೆ ಅಂತ ಲೆಕ್ಕ ಒಪ್ಪಿಕೊಳ್ಳುತ್ತದೆ. ಅದಕ್ಕಿಂತ ಕೆಳಗೆ ನಾವೆಲ್ಲ ಸುಖವಾಗಿದ್ದೇವೆ.

ವಿಶ್ವ ಆರೋಗ್ಯ ಸಂಸ್ಥೆ ಯುರೋಪಿಗಾಗಿ 2018ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ವಿಮಾನ ಸದ್ದಿಗೆ ಹೇಳಿದ ಮಿತಿ ಇಡೀ ದಿನಕ್ಕೆ 45, ರಾತ್ರಿಗೆ 40 ಡೆಸಿಬೆಲ್. ಅಳೆಯುವ ರೀತಿಯಲ್ಲಿ ಸಣ್ಣ ವ್ಯತ್ಯಾಸ ಇದೆ, ಇರಲಿ. 45ಕ್ಕೂ 65ಕ್ಕೂ ನಡುವಿನ ಅಂತರ 20 ಡೆಸಿಬೆಲ್. ಶಕ್ತಿಯ ಲೆಕ್ಕದಲ್ಲಿ ಅದು ನೂರು ಪಟ್ಟು.

ಅಳತೆಯಲ್ಲಿ ಇನ್ನೊಂದು ತೊಡಕಿದೆ. ಡೆಸಿಬೆಲ್ ಅಳೆಯುವಾಗ ಮನುಷ್ಯನ ಕಿವಿಗೆ ತಕ್ಕಂತೆ ತೂಕ ಹಾಕುತ್ತಾರೆ. ಕಿವಿಗೆ ದಪ್ಪ ಸದ್ದು, ಅಂದರೆ ಕೆಳಗಿನ ಸ್ವರದ ಸದ್ದು, ಕಡಿಮೆ ಕೇಳಿಸುತ್ತದೆ ಅಂತ ಅದನ್ನು ಕಳೆದುಬಿಡುತ್ತಾರೆ. 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸಲ ಕಂಪಿಸುವ ಸದ್ದಾದರೆ 30 ಡೆಸಿಬೆಲ್ ಕಡಿತ. ಈಗ ಹೆಲಿಕಾಪ್ಟರ್ ನೋಡಿ. ನಿಮಿಷಕ್ಕೆ ಸುಮಾರು 400 ಸುತ್ತು ತಿರುಗುವ ಎರಡು ಬ್ಲೇಡಿನ ರೋಟರ್ ಸೆಕೆಂಡಿಗೆ 13 ಸಲ ಗಾಳಿಯನ್ನು ಬಡಿಯುತ್ತದೆ. ಇದು ಕಿವಿಗಿಂತ ಎದೆಗೆ, ಕಿಟಕಿಗೆ, ಕಪಾಟಿನ ಗಾಜಿಗೆ ಜಾಸ್ತಿ ಗೊತ್ತಾಗುವ ಸದ್ದು. ಗೋಡೆ ಮೇಲಿನ ಸ್ವರದ ತೆಳು ಸದ್ದನ್ನು ತಡೆಯುತ್ತದೆ, ದಪ್ಪ ಸದ್ದನ್ನು ಒಳಗೆ ಬಿಡುತ್ತದೆ. ಹಾಗಾಗಿ ಮನೆಯೊಳಗೆ ಕೂತವರಿಗೆ ಉಳಿಯುವುದು ಮೀಟರು ಲೆಕ್ಕದಿಂದ ಕಳೆದುಹಾಕಿದ ಭಾಗವೇ.

ಅಂಕಿಗಳಿಗೆ ಇನ್ನೊಂದು ಮುಖವೂ ಇದೆ ಅನ್ನುವುದನ್ನು ಮರೆಮಾಚುವುದಿಲ್ಲ. ವಾಷಿಂಗ್ಟನ್‌ನ ರೇಗನ್ ವಿಮಾನ ನಿಲ್ದಾಣಕ್ಕೆ 2015ರಲ್ಲಿ ಬಂದ 8,760 ಸದ್ದಿನ ದೂರುಗಳಲ್ಲಿ 6,852 ಒಂದೇ ಮನೆಯಿಂದ ಬಂದಿದ್ದವು. ಈ ಅಂಕಿ ಉದ್ಯಮದವರಿಗೆ ಬಹಳ ಪ್ರಿಯ. ದೂರುವವರು ನಾಲ್ಕೇ ಜನ, ಉಳಿದವರಿಗೆ ಏನೂ ತೊಂದರೆ ಇಲ್ಲ ಅಂತ ಹೇಳಲು ಇದು ಸುಲಭದ ದಾರಿ. ನನಗೆ ಹಾಗನ್ನಿಸುವುದಿಲ್ಲ. ನಮ್ಮ ಕಟ್ಟಡದಲ್ಲೇ ದೂರು ಕೊಟ್ಟು ಉತ್ತರ ಬಾರದೆ ಬಿಟ್ಟವರು ಬೇಕಾದಷ್ಟು ಜನ ಇದ್ದಾರೆ. ಬಿಡದೆ ಬರೆಯುವ ಒಬ್ಬರು ಉಳಿದುಕೊಂಡಿರುತ್ತಾರೆ, ಅಷ್ಟೇ.

ಎತ್ತರಕ್ಕೆ ಹೋಗಿ ಅಂದರೆ

ಸಭೆಗಳಲ್ಲಿ ಮೊದಲು ಬರುವ ಬೇಡಿಕೆ, ಸ್ವಲ್ಪ ಮೇಲೆ ಹಾರಲಿ ಅನ್ನುವುದು. ನ್ಯಾಯವಾದದ್ದೇ. ದೂರ ಎರಡು ಪಟ್ಟಾದರೆ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. 500 ಅಡಿಯಿಂದ 2,000 ಅಡಿಗೆ ಹೋದರೆ 12. ಯಾವ ಹೊಸ ಬ್ಲೇಡೂ ಇಷ್ಟು ಕೊಡುವುದಿಲ್ಲ. ಅಮೆರಿಕದ ನಿಯಮದಲ್ಲಿ ಊರಿನ ಮೇಲೆ ಹಾರುವ ವಿಮಾನ ಸುತ್ತಲಿನ ಅತಿ ಎತ್ತರದ ಕಟ್ಟಡಕ್ಕಿಂತ 1,000 ಅಡಿ ಮೇಲಿರಬೇಕು. ಅದೇ ನಿಯಮದ ಮುಂದಿನ ಸಾಲಿನಲ್ಲಿ ಹೆಲಿಕಾಪ್ಟರ್‌ಗೆ ವಿನಾಯಿತಿ. ಕೆಳಗಿನ ಜನಕ್ಕೆ, ಆಸ್ತಿಗೆ ಅಪಾಯ ಇಲ್ಲದಿದ್ದರೆ ಇನ್ನೂ ಕೆಳಗೆ ಹಾರಬಹುದು. ಅಪಾಯ ಅನ್ನುವ ಮಾತಿನಲ್ಲಿ ಸದ್ದು ಸೇರಿಲ್ಲ. ವಿಮಾನಯಾನ ಕಚೇರಿಯವರು "ನಿಯಮ ಮುರಿದಿಲ್ಲ" ಅನ್ನುವಾಗ ಈ ಥರದ ಸಾಲಿನ ಮೇಲೆ ನಿಂತಿರುತ್ತಾರೆ.

ಆ ವಿನಾಯಿತಿ ಸುಮ್ನೆ ಕೊಟ್ಟಿದ್ದೂ ಅಲ್ಲ. ದೊಡ್ಡ ಊರುಗಳಲ್ಲಿ ಹೆಲಿಕಾಪ್ಟರ್‌ಗಳನ್ನು ಬೇಕಂತಲೇ ಕೆಳಗೆ ಇಡುತ್ತಾರೆ. ಮೇಲಿನ ದಾರಿ ಪ್ರಯಾಣಿಕ ವಿಮಾನಗಳದ್ದು. 2025ರ ಜನವರಿ 29ರಂದು ವಾಷಿಂಗ್ಟನ್‌ನಲ್ಲಿ ಸೇನೆಯ ಹೆಲಿಕಾಪ್ಟರೂ ಇಳಿಯುತ್ತಿದ್ದ ಪ್ರಯಾಣಿಕ ವಿಮಾನವೂ ಡಿಕ್ಕಿಯಾಗಿ 67 ಜನ ಸತ್ತರಲ್ಲ, ಅಲ್ಲಿ ನದಿಯ ಮೇಲಿನ ಹೆಲಿಕಾಪ್ಟರ್ ದಾರಿಗೆ ಇದ್ದ ಗರಿಷ್ಠ ಎತ್ತರ 200 ಅಡಿ. ಇದನ್ನು ಓದಿದ ಮೇಲೆ 'ಮೇಲೆ ಹಾರಿ' ಅಂತ ಕೂಗುವಾಗ ನನ್ನ ದನಿ ಸ್ವಲ್ಪ ತಗ್ಗುತ್ತದೆ. ಎತ್ತರ ಬದಲಿಸುವುದು ಅಂದರೆ ಇಡೀ ಆಕಾಶದ ಸಂಚಾರವನ್ನು ಮತ್ತೆ ಜೋಡಿಸುವುದು. ಎಲ್ಲಿ ಸಾಧ್ಯವೋ ಅಲ್ಲಿ ಮಾಡಲೇಬೇಕು. ಎಲ್ಲ ಕಡೆ ಅದೇ ಉತ್ತರ ಆಗುವುದಿಲ್ಲ.

ದಾರಿ ಬದಲಿಸುವುದರ ಕಥೆಯೂ ಹೀಗೇ. ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ವಾರಾಂತ್ಯಕ್ಕೆ ಕಡಲತೀರದ ಬಂಗಲೆಗಳಿಗೆ ಹೋಗುವ ಹೆಲಿಕಾಪ್ಟರ್‌ಗಳ ಕಾಟ. ಫೆಡರಲ್ ವಿಮಾನಯಾನ ಆಡಳಿತ, ಅಂದರೆ ಎಫ್‌ಎಎ, 2012ರಲ್ಲಿ ಅವುಗಳನ್ನು ಉತ್ತರ ತೀರದಿಂದ ಒಂದು ಮೈಲಿ ಆಚೆ ನೀರಿನ ಮೇಲೆ ಹೋಗುವಂತೆ ಕಡ್ಡಾಯ ಮಾಡಿತು. ಉದ್ಯಮದವರು ಕೋರ್ಟಿಗೆ ಹೋದರು, 2013ರಲ್ಲಿ ಸೋತರು. 65ರ ಗೆರೆ ದಾಟದಿದ್ದರೂ ಸದ್ದು ತಗ್ಗಿಸಲು ಅಧಿಕಾರ ಇದೆ ಅನ್ನುವುದು ಅಲ್ಲಿ ನಿಂತಿತು. ಇದು ಸಣ್ಣ ವಿಷಯ ಅಲ್ಲ. ಆದರೆ ಹೆಲಿಕಾಪ್ಟರ್ ಎಲ್ಲೋ ಒಂದು ಕಡೆ ನೀರಿನಿಂದ ನೆಲದ ಕಡೆ ತಿರುಗಲೇಬೇಕಲ್ಲ? ಆ ತಿರುವಿನ ಕೆಳಗಿನ ಮನೆಯವರಿಗೆ ಮೊದಲು ಎಲ್ಲ ಕಡೆ ಹರಡಿದ್ದ ಸದ್ದು ಒಟ್ಟಾಗಿ ಸಿಕ್ಕಿತು.

ನೆಲದ ಯಜಮಾನ

ಹೆಲಿಕಾಪ್ಟರ್ ಎಷ್ಟು ಎತ್ತರಕ್ಕೆ ಹೋದರೂ ಕೊನೆಗೆ ಯಾರದೋ ಜಾಗದಲ್ಲಿ ಇಳಿಯಬೇಕು. ಗೆದ್ದ ಕಥೆಗಳೆಲ್ಲ ಹೆಚ್ಚುಕಮ್ಮಿ ಅಲ್ಲಿಂದ ಶುರುವಾಗುತ್ತವೆ. ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್ ನಗರ ರಾತ್ರಿ 11ರಿಂದ ಬೆಳಿಗ್ಗೆ 7ರವರೆಗೆ ಜೆಟ್ ವಿಮಾನಗಳು ಮೇಲೇರಬಾರದು ಅಂತ ನಿಯಮ ಮಾಡಿತ್ತು. ವಿಷಯ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. 1973ರಲ್ಲಿ 5-4ರ ತೀರ್ಪು. ಆಕಾಶ ಕೇಂದ್ರ ಸರ್ಕಾರದ್ದು, ನಗರಕ್ಕೆ ಅಧಿಕಾರ ಇಲ್ಲ. "ನಮ್ಮ ವ್ಯಾಪ್ತಿಗೆ ಬರಲ್ಲ" ಅನ್ನುವ ಮಾತಿಗೆ ಅಲ್ಲಿ ಇದೇ ಮೂಲ. ಆದರೆ ಆ ತೀರ್ಪಿನ 14ನೇ ಅಡಿಟಿಪ್ಪಣಿಯಲ್ಲಿ ನ್ಯಾಯಮೂರ್ತಿಗಳು ಒಂದು ಬಾಗಿಲು ತೆರೆದಿಟ್ಟರು. ನಗರವೇ ವಿಮಾನ ನಿಲ್ದಾಣದ ಮಾಲೀಕನಾಗಿದ್ದರೆ ಏನು ಮಾಡಬಹುದು ಅನ್ನುವುದನ್ನು ನಾವು ಇಲ್ಲಿ ತೀರ್ಮಾನಿಸುತ್ತಿಲ್ಲ ಅಂತ. ಬರ್ಬ್ಯಾಂಕಿನ ನಿಲ್ದಾಣ ಆಗ ಲಾಕ್‌ಹೀಡ್ ಕಂಪನಿಯದಾಗಿತ್ತು, ನಗರದ್ದಲ್ಲ.

ಆ ಬಾಗಿಲಿನಿಂದ ಒಳಗೆ ಹೋದದ್ದು ನ್ಯೂಯಾರ್ಕ್. ಮ್ಯಾನ್‌ಹಟನ್ನಿನ ಪೂರ್ವ 34ನೇ ಬೀದಿಯ ಹೆಲಿಪೋರ್ಟ್ ನಗರದ ಆಸ್ತಿ. ಅಲ್ಲಿನ ಪ್ರವಾಸಿ ಹಾರಾಟ ಕಡಿಮೆ ಮಾಡಿ, ಸಮಯ ಮಿತಿ ಹಾಕಿ ಅಂತ ನಗರ ಷರತ್ತು ಇಟ್ಟಿತು. 1998ರಲ್ಲಿ ಮೇಲ್ಮನವಿ ಕೋರ್ಟ್ ಮುಖ್ಯ ಷರತ್ತುಗಳನ್ನು ಎತ್ತಿಹಿಡಿಯಿತು. ಯಾಕೆಂದರೆ ನಗರ ಅಲ್ಲಿ ಪೊಲೀಸಿನ ಹಾಗೆ ಮಾತಾಡಲಿಲ್ಲ, ಜಾಗದ ಮಾಲೀಕನ ಹಾಗೆ ಮಾತಾಡಿತು. 2016ರಲ್ಲಿ ದಕ್ಷಿಣ ತುದಿಯ ಹೆಲಿಪೋರ್ಟ್ ವಿಷಯದಲ್ಲೂ ಅದೇ. ವರ್ಷಕ್ಕೆ 60,000ದ ಹತ್ತಿರ ಇದ್ದ ಪ್ರವಾಸಿ ಹಾರಾಟವನ್ನು 2017ರ ಜನವರಿ ಹೊತ್ತಿಗೆ ಅರ್ಧಕ್ಕೆ ಇಳಿಸಬೇಕು, ಭಾನುವಾರ ಪೂರ್ತಿ ಬಂದ್ ಅಂತ ಒಪ್ಪಂದ ಆಯಿತು. ಡೆಸಿಬೆಲ್ ಬಗ್ಗೆ ವಾದವೇ ಇಲ್ಲ. ಯಾವ ಥರದ ಹಾರಾಟ, ಎಷ್ಟು, ಯಾವ ದಿನ. ನಾವು ಕೆಳಗೆ ಕೂತು ಕೇಳುವ ಪ್ರಶ್ನೆಗಳೂ ಇವೇ ತಾನೇ?

ಇದರ ಮಿತಿಯೂ ಬೇಗನೇ ಗೊತ್ತಾಯಿತು. ನದಿಯ ಆಚೆ ದಡ ಬೇರೆ ರಾಜ್ಯ. ನ್ಯೂಜೆರ್ಸಿಯ ಹೆಲಿಪೋರ್ಟುಗಳಿಂದ ಎದ್ದು ಬಂದು ಅದೇ ಮ್ಯಾನ್‌ಹಟನ್ ಸುತ್ತುವ ಕಂಪನಿಗಳಿಗೆ ನ್ಯೂಯಾರ್ಕಿನ ಒಪ್ಪಂದ ತಗುಲುವುದೇ ಇಲ್ಲ. ಲಾಂಗ್ ಐಲೆಂಡಿನ ಈಸ್ಟ್ ಹ್ಯಾಂಪ್ಟನ್ ಊರಿನದು ಇನ್ನೊಂದು ಥರದ ಸೋಲು. ವಿಮಾನ ನಿಲ್ದಾಣ ಊರಿನದ್ದೇ. 2015ರಲ್ಲಿ ರಾತ್ರಿ ನಿಷೇಧ, ಜಾಸ್ತಿ ಸದ್ದಿನ ಹಾರಾಟಗಳಿಗೆ ಇನ್ನೂ ಉದ್ದದ ನಿಷೇಧ, ಬೇಸಿಗೆಯಲ್ಲಿ ಅವುಗಳಿಗೆ ವಾರಕ್ಕೊಂದೇ ಸಲ ಅವಕಾಶ ಅಂತ ನಿಯಮ ಮಾಡಿದರು. 2016ರಲ್ಲಿ ಕೋರ್ಟ್ ಎಲ್ಲವನ್ನೂ ತಡೆಯಿತು. ಮಾಲೀಕನಾದರೂ 1990ರ ಫೆಡರಲ್ ಸದ್ದಿನ ಕಾನೂನು ಹೇಳುವ ಅಧ್ಯಯನ, ನೋಟಿಸು, ಅನುಮತಿಗಳ ಹಾದಿಯಲ್ಲೇ ಬರಬೇಕು ಅಂತ. ಮಾಲೀಕತ್ವ ಇದ್ದರೆ ಸಾಲದು, ಕಾಗದಪತ್ರ ಶುರುವಿನಿಂದಲೇ ಸರಿಯಾಗಿರಬೇಕು.

ಲಂಡನ್ನಿನ ಬ್ಯಾಟರ್‌ಸೀ ಹೆಲಿಪೋರ್ಟ್ 1959ರಿಂದ ಇದೆ. ಅದಕ್ಕೆ ಕೊಟ್ಟ ಕಟ್ಟಡ ಅನುಮತಿಯಲ್ಲೇ ವರ್ಷಕ್ಕೆ 12,000 ಓಡಾಟದ ಮಿತಿ ಬರೆದಿದೆ. ಅಲ್ಲಿ ಒಂದೇ ಎಂಜಿನ್ನಿನ ಹೆಲಿಕಾಪ್ಟರ್‌ಗಳು ಥೇಮ್ಸ್ ನದಿಯ ಮೇಲಿನ ದಾರಿ ಬಿಟ್ಟು ಊರಿನ ಮೇಲೆ ಹೋಗುವ ಹಾಗಿಲ್ಲ. ಎಂಜಿನ್ ಕೆಟ್ಟರೆ ಮನೆಗಳ ಮೇಲೆ ಬೀಳಬಾರದು ಅನ್ನುವುದು ಕಾರಣ. ಸದ್ದಿಗಾಗಿ ಮಾಡಿದ್ದಲ್ಲ, ಆದರೂ ಸದ್ದಿಗೆ ಎಷ್ಟೋ ಸಭೆಗಳಿಗಿಂತ ಜಾಸ್ತಿ ಉಪಕಾರ ಮಾಡಿದೆ.

ಯಾಕೆ ಹಾರುತ್ತಿದೆ

ನಮ್ಮ ಸಭೆಯಲ್ಲಿ ಯಾರೂ ಏರ್ ಆಂಬುಲೆನ್ಸ್ ಬಗ್ಗೆ ಒಂದು ಮಾತೂ ಆಡಲಿಲ್ಲ. ಅದು ಬರುವುದು ನಡುರಾತ್ರಿ, ಬಹಳ ಕೆಳಗೆ, ಬಹಳ ಜೋರಾಗಿ. ಮೀಟರು ಇಟ್ಟರೆ ಎಲ್ಲಕ್ಕಿಂತ ಮೇಲೆ ಅದೇ ಇರುತ್ತದೆ. ಅದಕ್ಕೆ ಯಾರ ಆಕ್ಷೇಪವೂ ಇಲ್ಲ, ಬೆಂಕಿ ಆರಿಸುವುದಕ್ಕೂ ಇಲ್ಲ. ಸಿಟ್ಟು ಬರುವುದು ಟ್ರಾಫಿಕ್ ತಪ್ಪಿಸಲು ಹಾರುವ ಒಬ್ಬರೇ ಒಬ್ಬರ ಮೇಲೆ, ಒಂದೇ ಅಪಘಾತದ ಮೇಲೆ ಸುತ್ತುವ ಮೂರ್ನಾಲ್ಕು ಟಿವಿ ಹೆಲಿಕಾಪ್ಟರ್‌ಗಳ ಮೇಲೆ. ಹೀಗಿದ್ದೂ ಜನಕ್ಕೆ ತಾರತಮ್ಯ ಗೊತ್ತಿಲ್ಲ, ಭಾವನೆಯಿಂದ ದೂರುತ್ತಾರೆ ಅನ್ನುವವರಿದ್ದಾರೆ. ನನಗೆ ಇದು ತದ್ವಿರುದ್ಧ ಕಾಣುತ್ತದೆ. ತಾರತಮ್ಯ ಗೊತ್ತಿಲ್ಲದಿರುವುದು ಮೀಟರಿಗೆ.

ತುರ್ತು ಅನ್ನುವ ಪಟ್ಟಿ ಎಷ್ಟು ಉದ್ದ ಅನ್ನುವುದರಲ್ಲಿ ಜಗಳ ಇದೆ. ಲಾಸ್ ಏಂಜಲೀಸ್ ಪೊಲೀಸರ ಹೆಲಿಕಾಪ್ಟರ್ ವಿಭಾಗದ ಬಗ್ಗೆ ನಗರದ ಲೆಕ್ಕಪರಿಶೋಧಕರು 2023ರ ಡಿಸೆಂಬರ್‌ನಲ್ಲಿ ವರದಿ ಕೊಟ್ಟರು. ವರ್ಷಕ್ಕೆ ಸುಮಾರು 5 ಕೋಟಿ ಡಾಲರ್ ಖರ್ಚು. ಹಾರಾಟದ ಸಮಯದಲ್ಲಿ 61 ಶೇಕಡಾ ಗಂಭೀರ ಅಪರಾಧಗಳಿಗೆ ಸಂಬಂಧಿಸಿದ್ದಲ್ಲ, ಗಸ್ತು ಮತ್ತು ಸಣ್ಣಪುಟ್ಟ ಕೆಲಸಗಳದ್ದು. ಇದು ಹೊರಬಂದದ್ದು ಡೆಸಿಬೆಲ್ ಅಳೆದು ಅಲ್ಲ, ಯಾವ ಹಾರಾಟ ಯಾವ ಕೆಲಸಕ್ಕೆ ಅಂತ ದಾಖಲೆ ತೆಗೆದು ನೋಡಿದ್ದರಿಂದ. ಅದೇ ಊರಿನಲ್ಲಿ 1958ರಲ್ಲಿ ಮೊದಲ ಟಿವಿ ಸುದ್ದಿ ಹೆಲಿಕಾಪ್ಟರ್ ಹಾರಿತ್ತು. 2014ರ ಹೊತ್ತಿಗೆ ಅಮೆರಿಕದ ಸಂಸತ್ತೇ ಆ ಊರಿನ ಹೆಲಿಕಾಪ್ಟರ್ ಸದ್ದಿನ ಬಗ್ಗೆ ಏನಾದರೂ ಮಾಡಿ ಅಂತ ಎಫ್‌ಎಎಗೆ ಹೇಳಬೇಕಾಯಿತು. ಸುದ್ದಿಯವರು ಒಂದೇ ಕಡೆ ನಿಂತು ಹಾರುವುದಕ್ಕೆ ಒಳ್ಳೆಯ ಪದ್ಧತಿ ರೂಪಿಸುವುದೂ ಆ ಪಟ್ಟಿಯಲ್ಲಿತ್ತು. ಪಟ್ಟಿಯ ಬಹುಪಾಲು ಸ್ವಯಂಪ್ರೇರಿತ. ಈ ಪದ ಓದಿದರೆ ನನಗೀಗ ಪರೀಕ್ಷೆಯಲ್ಲಿ ಕೇಳದ ಪಾಠ ನೆನಪಾಗುತ್ತದೆ.

ಈಗ ಫೋನಿನಲ್ಲೇ ಯಾವ ಹೆಲಿಕಾಪ್ಟರ್, ಎಷ್ಟು ಎತ್ತರ, ಯಾವ ದಾರಿ ಅಂತ ಕಾಣುತ್ತದೆ. ಹೆಚ್ಚಿನವು ತಮ್ಮ ಸ್ಥಾನವನ್ನು ತಾವೇ ರೇಡಿಯೋದಲ್ಲಿ ಸಾರುತ್ತಾ ಹೋಗುತ್ತವೆ. ಆದರೆ ಯಾಕೆ ಅನ್ನುವುದು ಅದರಲ್ಲಿಲ್ಲ. ಇಳಿಯುವ ಜಾಗದ ರಿಜಿಸ್ಟರಿನಲ್ಲಿ ಅದನ್ನು ಬರೆಸಬಹುದು. ಬರೆಸುವವರು ಬೇಕು ಅಷ್ಟೇ.

ಇದನ್ನೆಲ್ಲ ಈಗ ಯೋಚಿಸುತ್ತಿರುವುದಕ್ಕೆ ಕಾರಣ ಇದೆ. ವಿದ್ಯುತ್ತಿನ ಏರ್ ಟ್ಯಾಕ್ಸಿಗಳು ಬರುತ್ತಿವೆ. ಅವು ಬಂದರೆ ಸದ್ದಿನ ಸಮಸ್ಯೆಯೇ ಮುಗಿಯಿತು ಅಂತ ಹೇಳುವವರು ಬಹಳ ಜನ. ಜೋಬಿ ಕಂಪನಿಯ ವಿಮಾನವನ್ನು ನಾಸಾ ಜೊತೆ ಅಳೆದಾಗ 1,640 ಅಡಿ ಎತ್ತರದಲ್ಲಿ ದಾಟುವಾಗ ನೆಲದಲ್ಲಿ 45.2 ಡೆಸಿಬೆಲ್ ಬಂತು. ಅದು ನಿಜಕ್ಕೂ ಕಡಿಮೆ. ಏರುವಾಗ ಇಳಿಯುವಾಗ, 100 ಮೀಟರ್ ದೂರದಲ್ಲಿ, 65ರ ಒಳಗೆ. ಆದರೆ ಸರಾಸರಿಯ ಲೆಕ್ಕದಲ್ಲಿ ಸದ್ದು 10 ಡೆಸಿಬೆಲ್ ಇಳಿದರೆ ಹಾರಾಟ ಹತ್ತು ಪಟ್ಟು ಏರಿಸಲು ಜಾಗ ಸಿಗುತ್ತದೆ. ನಕ್ಷೆಯ ಗೆರೆ ಅಲ್ಲೇ ಇರುತ್ತದೆ. ಟ್ಯಾಕ್ಸಿ ಅನ್ನುವ ವ್ಯಾಪಾರ ನಡೆಯುವುದೇ ಸಂಖ್ಯೆಯ ಮೇಲೆ. ಒಂದೊಂದರ ಸದ್ದು ಎಷ್ಟು ಅಂತ ಕೇಳಿ ಸುಮ್ಮನಾದರೆ, ಎಷ್ಟು ಬರುತ್ತವೆ ಅನ್ನುವ ಪ್ರಶ್ನೆ ಕೇಳುವ ಹೊತ್ತಿಗೆ ಕಟ್ಟಡ ಎದ್ದು ನಿಂತಿರುತ್ತದೆ.

ನಮ್ಮ ಹತ್ತಿರದ ಒಂದು ಕಟ್ಟಡದ ತಾರಸಿಯಲ್ಲಿ ಹೊಸ ಹೆಲಿಪ್ಯಾಡಿಗೆ ಅರ್ಜಿ ಹೋಗಿದೆ. ಆಕ್ಷೇಪಣೆ ಸಲ್ಲಿಸಲು ಇನ್ನೂ ಸಮಯ ಇದೆ. ನಾವು ಕೆಲವರು ಕೂತು ಬರೆಯುತ್ತಿದ್ದೇವೆ. ಡೆಸಿಬೆಲ್ ಬಗ್ಗೆ ಅದರಲ್ಲಿ ಒಂದೇ ಸಾಲು. ಉಳಿದದ್ದು ಬೇರೆ. ದಿನಕ್ಕೆ ಎಷ್ಟು ಓಡಾಟ ಅನ್ನುವ ಮಿತಿ ಅನುಮತಿ ಪತ್ರದಲ್ಲೇ ಇರಬೇಕು. ಪ್ರತಿ ಹಾರಾಟದ ಉದ್ದೇಶ ರಿಜಿಸ್ಟರಿನಲ್ಲಿ ಬರೆದು ತಿಂಗಳಿಗೊಮ್ಮೆ ಎಲ್ಲರಿಗೂ ಕಾಣುವಂತೆ ಹಾಕಬೇಕು. ಯಾವ ಕಡೆಯಿಂದ, ಯಾವ ಇಳಿಜಾರಿನಲ್ಲಿ ಇಳಿಯಬೇಕು ಅನ್ನುವುದು ಕರಾರಿನಲ್ಲಿ ಬರಬೇಕು. ವರ್ಷಕ್ಕೊಮ್ಮೆ ಮರುಪರಿಶೀಲನೆ ಆಗಬೇಕು. ರೋಗಿಯನ್ನು ತರುವ ಹಾರಾಟಕ್ಕೆ ಯಾವ ಮಿತಿಯೂ ಬೇಡ ಅನ್ನುವುದರಲ್ಲಿ ಎರಡು ಮಾತಿಲ್ಲ. ಅದೇ ಹಾರಾಟಕ್ಕೆ ತರಬೇತಿ ಅಂತ ಬೆಳಿಗ್ಗೆ ಹತ್ತಕ್ಕೆ ಬಂದು ಇಳಿದು ಏರಿ ಇಳಿದು ಹೋಗುವುದನ್ನು ಯಾವ ಪಟ್ಟಿಗೆ ಸೇರಿಸಬೇಕು ಅಂತ ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ತರಬೇತಿ ಇಲ್ಲದೆ ತುರ್ತು ಕೆಲಸ ಆಗುವುದಿಲ್ಲ ಅಂತ ಅರ್ಧ ಜನ. ಅದನ್ನು ಊರಾಚೆ ಮಾಡಲಿ ಅಂತ ಇನ್ನರ್ಧ. ನಾನು ಎರಡನೆಯ ಗುಂಪಿನಲ್ಲಿದ್ದೇನೆ. ರಾತ್ರಿ ಪಾಳಿಯ ಆ ನರ್ಸ್ ಮೊದಲನೆಯದರಲ್ಲಿದ್ದಾರೆ.